ಅರ್ಧ ವಾಕ್ಯದ ವೀಸಾ

ಕೌನಾಸ್, ಲಿಥುವೇನಿಯಾ
ಭಾನುವಾರ

ತೀರ್ಥರೂಪ ಅಪ್ಪನವರಿಗೆ,

ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಇನ್ನೂ ಖಾಲಿಯಾಗಿಲ್ಲ ಎಂದು ಅವರಿಗೆ ಹೇಳಿ, ಸಮಾಧಾನವಾಗುತ್ತದೆ.

ಆಫೀಸಿನ ಕೆಲಸ ವಿಲ್ನಿಯಸ್‌ನಲ್ಲಿ. ಅಲ್ಲಿಂದ ಕೌನಾಸ್‌ಗೆ ರೈಲಿನಲ್ಲಿ ಒಂದು ಗಂಟೆಯ ಮೇಲೆ ಸ್ವಲ್ಪ ಹಿಡಿಯುತ್ತದೆ. ಬೆಂಗಳೂರಿನಲ್ಲಿ ಸಂಜೆ ಹೊತ್ತು ಮಾರತ್ತಹಳ್ಳಿ ಸೇತುವೆಯಿಂದ ಸಿಲ್ಕ್ ಬೋರ್ಡ್ ಮುಟ್ಟುವಷ್ಟರಲ್ಲಿ ಇಲ್ಲಿ ಇನ್ನೊಂದು ಊರಿಗೇ ಬಂದುಬಿಡಬಹುದು. ಇಲ್ಲೊಂದು ಪುಟ್ಟ ಮ್ಯೂಸಿಯಂ ನೋಡಿದೆ. ಎಚ್‌ಎಎಲ್ ವಿಮಾನ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಆಯುಷ್ಯ ಸವೆಸಿದ ನಿಮಗೇ ಇದನ್ನು ಮೊದಲು ಹೇಳಬೇಕು ಅನ್ನಿಸಿತು.

ಮ್ಯೂಸಿಯಂ ಎಂದ ಕೂಡಲೇ ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡವನ್ನು ನೆನೆಯಬೇಡಿ. ಗುಡ್ಡದ ಮೇಲಿನ ಬಡಾವಣೆಯಲ್ಲಿ, ವೈಜ್‌ಗಾಂತೊ ಬೀದಿಯ 30ನೇ ನಂಬರಿನ ವಾಸದ ಮನೆ ಅದು. ಅಕ್ಕಪಕ್ಕದಲ್ಲೆಲ್ಲ ಈಗಲೂ ಸಂಸಾರಗಳಿವೆ. 1940ರಲ್ಲಿ, ಅಂದರೆ ನಿಮ್ಮ ಕಾರ್ಖಾನೆ ಹುಟ್ಟಿದ ವರ್ಷವೇ, ಇದು ಜಪಾನಿನ ಕಾನ್ಸುಲೇಟ್ ಆಗಿತ್ತು. ಕೆಳಗೆ ಕಚೇರಿ, ಮೇಲೆ ಅಧಿಕಾರಿಯ ಸಂಸಾರ. ಅಧಿಕಾರಿಯ ಹೆಸರು ಚಿಯುನೆ ಸುಗಿಹಾರ, ನಲವತ್ತು ವರ್ಷದ ವೈಸ್ ಕಾನ್ಸುಲ್. ಅವರಪ್ಪನಿಗೆ ಮಗ ಡಾಕ್ಟರಾಗಲಿ ಎಂಬ ಆಸೆಯಿತ್ತಂತೆ. ಮಗ ಪ್ರವೇಶ ಪರೀಕ್ಷೆಯಲ್ಲಿ ತನ್ನ ಹೆಸರೊಂದನ್ನು ಬರೆದು ಖಾಲಿ ಹಾಳೆ ಕೊಟ್ಟು ಎದ್ದು ಬಂದನಂತೆ. (ನಮ್ಮ ಮನೆಯಲ್ಲಿ ಹೀಗೆ ಮಾಡಿದ್ದರೆ ಏನಾಗುತ್ತಿತ್ತು ಎಂದು ಅಣ್ಣನನ್ನು ಕೇಳಿ.)

ಆ ಬೇಸಿಗೆಯ ಸ್ಥಿತಿ ಹೀಗಿತ್ತು. ಹಿಟ್ಲರ್ ಪೋಲೆಂಡಿಗೆ ನುಗ್ಗಿದ ಮೇಲೆ ಸಾವಿರಾರು ಯಹೂದಿಗಳು ತಪ್ಪಿಸಿಕೊಂಡು ಲಿಥುವೇನಿಯಾಕ್ಕೆ ಬಂದಿದ್ದರು. ಜೂನ್‌ನಲ್ಲಿ ಸೋವಿಯತ್ ಸೇನೆ ಈ ದೇಶವನ್ನೇ ಹಿಡಿಯಿತು. ಎಲ್ಲ ದೇಶಗಳ ಕಾನ್ಸುಲೇಟುಗಳೂ ಬಾಗಿಲು ಹಾಕಬೇಕೆಂದು ಆಜ್ಞೆಯಾಯಿತು. ಪಶ್ಚಿಮಕ್ಕೆ ದಾರಿಯಿಲ್ಲ. ಉಳಿದದ್ದು ಪೂರ್ವ: ಸೈಬೀರಿಯಾ ದಾಟಿ ವ್ಲಾಡಿವೊಸ್ಟಾಕ್, ಅಲ್ಲಿಂದ ಹಡಗಿನಲ್ಲಿ ಜಪಾನ್. ಜಪಾನಿನ ಮೂಲಕ ಹಾದುಹೋಗುವ ವೀಸಾ ಬೇಕೆಂದರೆ ಅದರಾಚೆಗೆ ಯಾವುದಾದರೂ ದೇಶ ಒಳಗೆ ಬಿಟ್ಟುಕೊಳ್ಳುತ್ತದೆ ಎಂಬ ಕಾಗದ ತೋರಿಸಬೇಕು. ಅದು ಹೆಚ್ಚಿನವರ ಬಳಿ ಇರಲಿಲ್ಲ.

ಇಲ್ಲಿ ಬರುವವಳು ಪೆಸ್ಲಾ ಲೆವಿನ್, ಹಾಲೆಂಡಿನಲ್ಲಿ ಹುಟ್ಟಿದ ಹೆಂಗಸು. ಕೆರಿಬಿಯನ್ ಸಮುದ್ರದ ಡಚ್ ದ್ವೀಪ ಕ್ಯುರಸಾವ್‌ಗೆ ಹೋಗಲು ಅನುಮತಿ ಬೇಕೆಂದು ರಿಗಾದಲ್ಲಿದ್ದ ಡಚ್ ರಾಯಭಾರಿ ದ ಡೆಕ್ಕರ್‌ಗೆ ಬರೆದಳು. ಅಲ್ಲಿಗೆ ವೀಸಾ ಅಗತ್ಯವಿಲ್ಲ, ಆದರೆ ಗವರ್ನರ್ ಒಪ್ಪಿದರೆ ಮಾತ್ರ ಇಳಿಯಬಹುದು ಎಂದು ಉತ್ತರ ಬಂತು. ಗವರ್ನರ್ ಒಪ್ಪುವುದು ಅಪರೂಪ. ಅವಳು ಮತ್ತೆ ಬರೆದಳು: ಮೊದಲರ್ಧ ಬರೆಯಿರಿ, ಎರಡನೆಯದು ಬಿಡಿ. ಆತ ಹಾಗೆಯೇ ಬರೆದುಕೊಟ್ಟ. ಸುಳ್ಳೊಂದೂ ಇಲ್ಲ, ನಿಜ ಮಾತ್ರ ಅರ್ಧ! ಕೌನಾಸ್‌ನಲ್ಲಿದ್ದ ಡಚ್ ಕಾನ್ಸುಲ್ ಯಾನ್ ಜ್ವಾರ್ಟೆಂಡೈಕ್ ಅದನ್ನೇ ಕಾಪಿ ಮಾಡಿದ. ಅವನೇನು ರಾಜತಂತ್ರ ಕಲಿತವನಲ್ಲ. ಫಿಲಿಪ್ಸ್ ಕಂಪನಿಯ ಇಲ್ಲಿನ ಮ್ಯಾನೇಜರ್. ರೇಡಿಯೊ, ಬಲ್ಬು ಮಾರುವವನು, ಕೆಲವೇ ವಾರಗಳ ಹಿಂದೆ ಗೌರವ ಕಾನ್ಸುಲ್ ಆಗಿದ್ದವನು. ಜುಲೈ 24ರಿಂದ ಆಗಸ್ಟ್ 3ರೊಳಗೆ ಎರಡು ಸಾವಿರಕ್ಕೂ ಮೇಲೆ ಬರೆದ.

ಆ ಅರ್ಧ ವಾಕ್ಯ ಹಿಡಿದುಕೊಂಡು ಜನ ಸುಗಿಹಾರನ ಗೇಟಿನ ಮುಂದೆ ನಿಂತರು. ಆತ ಟೋಕಿಯೊಗೆ ತಂತಿಯ ಮೇಲೆ ತಂತಿ ಕಳಿಸಿದ. ಮುಂದಿನ ದೇಶದ ಅನುಮತಿ, ಕೈಯಲ್ಲಿ ಸಾಕಷ್ಟು ಹಣ ಎರಡೂ ಇಲ್ಲದವರಿಗೆ ಕೊಡಬೇಡ ಎಂದೇ ಉತ್ತರ. ಕೊಟ್ಟ. ಕಚೇರಿ ಮುಚ್ಚಿದ ಮೇಲೆ ಮೆಟ್ರೊಪೊಲಿಸ್ ಹೋಟೆಲಿನಲ್ಲಿ ಕೂತು ಬರೆದ. ಸೆಪ್ಟೆಂಬರ್ ಮೊದಲ ವಾರ ಊರು ಬಿಡುವಾಗ ಪ್ಲಾಟ್‌ಫಾರಂ ಮೇಲೂ ಸಹಿ ಹಾಕಿದ. ಅದರ ನೆನಪಿಗೆ ನಿಲ್ದಾಣದಲ್ಲಿ ಫಲಕವಿದೆ.

ಕೆಳಗಿನ ಕೋಣೆಯಲ್ಲಿ ಆತನ ಕಚೇರಿಯ ಹಾಗೆಯೇ ಮೇಜನ್ನು ಇಟ್ಟಿದ್ದಾರೆ. ಮೇಲೊಂದು ಟೈಪ್‌ರೈಟರ್, ಪಕ್ಕದಲ್ಲಿ ಜಪಾನಿನ ಬಾವುಟ. ಬಂದವರು ಕುರ್ಚಿಯಲ್ಲಿ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಕೂರಲಿಲ್ಲ, ಸರಿಯೆನಿಸಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆತ ಕೊಟ್ಟ ವೀಸಾಗಳ ಪಟ್ಟಿ. ಕ್ರಮಸಂಖ್ಯೆ, ಯಾವ ದೇಶದವರು, ಹೆಸರು, ವೀಸಾದ ಬಗೆ, ತಾರೀಖು, ಶುಲ್ಕ, ಎಲ್ಲಕ್ಕೂ ಕಾಲಂ! ಮೇಲಿನವರ ಮಾತು ಮೀರುತ್ತಿರುವ ಮನುಷ್ಯ ರಿಜಿಸ್ಟರನ್ನು ಅಷ್ಟು ಚೊಕ್ಕವಾಗಿ ಬರೆದಿಟ್ಟಿದ್ದಾನೆ. 1941ರಲ್ಲಿ ಟೋಕಿಯೊ ಕೇಳಿದಾಗ ಕಳಿಸಿಯೂ ಕೊಟ್ಟ. ಅದರಲ್ಲಿ 2,139 ಹೆಸರುಗಳಿವೆ. ಒಂದು ವೀಸಾದಲ್ಲಿ ಹೆಂಡತಿ ಮಕ್ಕಳೂ ಸೇರಿರುತ್ತಿದ್ದರಿಂದ ಬದುಕಿದವರು ಆರು ಸಾವಿರ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹೇಳಿಕೊಳ್ಳಲಿ, ನನಗೆ ಪಟ್ಟಿಯೇ ಸಾಕು. ಕದ್ದು ಮಾಡಿದ ಉಪಕಾರವಲ್ಲ ಇದು. ಲೆಕ್ಕ ಒಪ್ಪಿಸಿ ಮಾಡಿದ್ದು.

ಯುದ್ಧ ಮುಗಿದು ಊರಿಗೆ ಮರಳಿದವನನ್ನು 1947ರಲ್ಲಿ ಇಲಾಖೆ ಮನೆಗೆ ಕಳಿಸಿತು. ಸಿಬ್ಬಂದಿ ಕಡಿತ ಎಂಬ ಕಾರಣ ಕೊಟ್ಟಿತು. ಇಸ್ರೇಲ್ 1985ರಲ್ಲಿ ಗೌರವಿಸಿತು, ಮರುವರ್ಷ ಆತ ತೀರಿಕೊಂಡ. ಜಪಾನ್ ಸರ್ಕಾರ ಆತನ ಗೌರವವನ್ನು ಅಧಿಕೃತವಾಗಿ ಮರಳಿಸಿದ್ದು 2000ದಲ್ಲಿ. ಜ್ವಾರ್ಟೆಂಡೈಕನಿಗಂತೂ ಸತ್ತು 21 ವರ್ಷದ ಮೇಲೆ, 1997ರಲ್ಲಿ ಇಸ್ರೇಲಿನ ಮನ್ನಣೆ ಬಂತು. ಈಗ ಅವನ ಆಫೀಸಿದ್ದ ಪೇಟೆ ಬೀದಿಯಲ್ಲಿ ಎಲ್‌ಇಡಿ ದೀಪಗಳ ಸುರುಳಿಯೊಂದನ್ನು ತೂಗುಹಾಕಿದ್ದಾರೆ. ಬಲ್ಬು ಮಾರಿದವನಿಗೆ ತಕ್ಕ ಸ್ಮಾರಕ.

ವೀಸಾ ಸಿಗದೆ ಉಳಿದವರ ಗತಿಯೂ ಇದೇ ಊರಿನಲ್ಲಿದೆ. ಹಿಟ್ಲರನ ಸೇನೆ ಇಲ್ಲಿಗೂ ಬಂದ ಮೇಲೆ, ಊರಂಚಿನ ಒಂಬತ್ತನೇ ಕೋಟೆಯಲ್ಲಿ 1941ರ ಅಕ್ಟೋಬರ್ 29ರಂದು, ಒಂದೇ ದಿನ, ಒಂಬತ್ತು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಗುಂಡಿಟ್ಟು ಕೊಂದರು. ಅರ್ಧಕ್ಕೆ ಹತ್ತಿರ ಮಕ್ಕಳು. ಹೆಚ್ಚು ಬರೆಯಲಾರೆ.

ಅಪ್ಪ, ವಾಪಸು ಬರುವಾಗ ರೈಲಿನಲ್ಲಿ ನಮ್ಮ ಊರೇ ತಲೆಯಲ್ಲಿತ್ತು. ಹಿಟ್ಲರ್‌ನಿಂದ ಕೆಲಸ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1935ರಲ್ಲಿ ಐಐಎಸ್‌ಸಿಗೆ, ಅಂದರೆ ನಮ್ಮೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ ಬಂದಿದ್ದರು. ಅವರನ್ನು ಕಾಯಂ ಮಾಡಿಸಲು ಸಿ.ವಿ. ರಾಮನ್ ಹೋರಾಡಿದರು, ಒಳಗಿನವರೇ ಎದುರು ನಿಂತರು. ಬಾರ್ನ್ ಎಡಿನ್‌ಬರೋಗೆ ಹೋದರು, 1954ರಲ್ಲಿ ನೊಬೆಲ್ ಪಡೆದರು. ಒಂದು ಆದೇಶದ ಕಾಗದ ಹೊರಡಲಿಲ್ಲ, ಬೆಂಗಳೂರಿಗಾದ ನಷ್ಟ ನೋಡಿ. ಅವರ ಸೋದರಳಿಯ ಓಟೊ ಕೋನಿಗ್ಸ್‌ಬರ್ಗರ್ ವಿಷಯದಲ್ಲಿ ಮಾತ್ರ ಕಾಗದ ಹೊರಟಿತು. ಆತ ವಾಸ್ತುಶಿಲ್ಪಿ, ಜರ್ಮನಿ ಬಿಟ್ಟು ಈಜಿಪ್ಟಿನಲ್ಲಿದ್ದವನು. ದಿವಾನ್ ಮಿರ್ಜಾ ಇಸ್ಮಾಯಿಲ್ 1939ರಲ್ಲಿ ಕರೆಸಿ ಮೈಸೂರು ಸರ್ಕಾರದ ಕೆಲಸ ಕೊಟ್ಟರು. ಇನ್‌ಸ್ಟಿಟ್ಯೂಟಿನ ಏರೋನಾಟಿಕ್ಸ್ ವಿಭಾಗದ ಕಟ್ಟಡ ಆತನದೇ. ಆ ವಿಭಾಗ ಕಟ್ಟಿದ ವಿ.ಎಂ. ಘಾಟಗೆ ಆಮೇಲೆ ನಿಮ್ಮ ಕಾರ್ಖಾನೆಯಲ್ಲಿ ಎಚ್‌ಟಿ-2 ವಿಮಾನ ಮಾಡಿದರು, ಅದು ನಿಮಗೇ ಗೊತ್ತು.

ಇನ್ನೊಂದೂ ನಿಮಗೆ ಗೊತ್ತು. ನಮ್ಮ ಮನೆ ಹತ್ತಿರದ ಎಚ್‌ಎಎಲ್ ಮ್ಯೂಸಿಯಮ್ಮಿನಲ್ಲಿರುವ ಮಾರುತ್ ವಿಮಾನವನ್ನು ರೂಪಿಸಿದ ಕುರ್ಟ್ ಟ್ಯಾಂಕ್ ಹಿಟ್ಲರನ ವಾಯುಪಡೆಗೆ ಯುದ್ಧವಿಮಾನ ಮಾಡಿಕೊಟ್ಟವನು. 1956ರಲ್ಲಿ ಅವನನ್ನೂ ನಾವೇ ಕರೆಸಿಕೊಂಡೆವು. ಓಡಿಬಂದವನಿಗೂ ಓಡಿಸಿದವರ ಕಡೆಯವನಿಗೂ ಒಂದೇ ಊರಿನಲ್ಲಿ ಕೆಲಸ! ಟ್ಯಾಂಕ್‌ನ ವಿಮಾನ ನೋಡಲು ಶಾಲೆ ಮಕ್ಕಳು ಸಾಲುಗಟ್ಟಿ ಬರುತ್ತಾರೆ. ಕೋನಿಗ್ಸ್‌ಬರ್ಗರ್ ಹೆಸರು ಹೇಳಿದರೆ ನಮ್ಮ ಓಣಿಯಲ್ಲಿ ಯಾರೂ ಹೂಂಗುಟ್ಟುವುದಿಲ್ಲ. ಇದು ನನಗೆ ಸರಿಕಾಣುವುದಿಲ್ಲ.

ಇನ್‌ಸ್ಟಿಟ್ಯೂಟಿನ ಓಪನ್ ಡೇ ಬಂದಾಗ ಅಣ್ಣನ ಮಗನನ್ನು ಕರೆದುಕೊಂಡು ಹೋಗಿ ಆ ಕಟ್ಟಡ ತೋರಿಸಿ. ಕಟ್ಟಿದವನು ಯಾರು, ಇಲ್ಲಿಗೆ ಯಾಕೆ ಬಂದ, ಕರೆಸಿದವರು ಯಾರು ಎಂದು ಹೇಳಿ. ನಿಮ್ಮ ಬಾಯಲ್ಲಿ ಕೇಳಿದರೆ ಅವನು ಮರೆಯುವುದಿಲ್ಲ.

ಇಂತಿ ನಿಮ್ಮ ಮಗಳು