ಸೂರ್ಯನ ಕಿರ್ದಿ

ಫೋಟೋ 1
"ಇದೇನೋ, ದೋಸೆ ಮೇಲೆ ಸಾಸಿವೆನಾ?" ಅಂತ ಕ್ಲಾಸ್ ಗ್ರೂಪಲ್ಲಿ ಕೇಳಿದೋರಿಗೆಲ್ಲ ಒಂದೇ ಉತ್ತರ: ಇದು ಸೂರ್ಯ. ಆರೆಂಜ್ ಬಣ್ಣ ನನ್ನ ಫಿಲ್ಟರಿಂದು. ಕಪ್ಪು ಚುಕ್ಕಿಗಳು ಸೌರಕಲೆಗಳು. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಕಲೆ ಇರೋ ಕಡೆ ಕಾಂತಕ್ಷೇತ್ರ ತುಂಬಾ ಬಲವಾಗಿದ್ದು, ಒಳಗಿನ ಬಿಸಿ ಮೇಲೆ ಬರೋದನ್ನ ತಡೆಯತ್ತೆ. ಹಾಗಾಗಿ ಅಲ್ಲಿ ಬಿಸಿ ಕಮ್ಮಿ, ಬೆಳಕೂ ಕಮ್ಮಿ. ನಿಜಕ್ಕೂ ಅದು ಕಪ್ಪಲ್ಲ, ಸುತ್ತಲಿನ ಬೆಳಕಿನ ಮುಂದೆ ಹಾಗೆ ಕಾಣತ್ತೆ ಅಷ್ಟೇ.

ಫೋಟೋ 2
ಸೆಟಪ್ ಕೇಳಿದ್ರಿ. ಸೆಕೆಂಡ್ ಹ್ಯಾಂಡ್ 70 ಎಂಎಂ ಟೆಲಿಸ್ಕೋಪ್, ನನ್ನ ಫೋನು, ಚಪ್ಪಲಿ ಡಬ್ಬಿಯ ರಟ್ಟಲ್ಲಿ ಮಾಡಿದ ಮುಚ್ಚಳ, ಅದಕ್ಕೆ ಅಂಟಿಸಿದ ಸೋಲಾರ್ ಫಿಲ್ಮ್. ಈ ಫಿಲ್ಮ್ ಬೆಳಕಲ್ಲಿ ಲಕ್ಷಕ್ಕೆ ಒಂದು ಪಾಲು ಮಾತ್ರ ಒಳಗೆ ಬಿಡತ್ತೆ. ಅದು ಇರಬೇಕಾದ್ದು ಟೆಲಿಸ್ಕೋಪಿನ ಮುಂದಿನ ತುದಿಯಲ್ಲಿ. ಕಣ್ಣಿಡೋ ತುದಿಯಲ್ಲಿ ಹಾಕಿದ್ರೆ ಲೆನ್ಸ್ ಒಟ್ಟುಗೂಡಿಸಿದ ಬಿಸಿಗೆ ಫಿಲ್ಟರೇ ಹೋಗಬಹುದು. ಪಕ್ಕದ ಫೈಂಡರಿಗೂ ಮುಚ್ಚಳ ಹಾಕಿರಬೇಕು. ಎಕ್ಸ್‌ರೇ ಹಾಳೆ, ಸಿಡಿ, ಕೂಲಿಂಗ್ ಗ್ಲಾಸ್ ಯಾವುದೂ ಬೇಡ.

"ಕಣ್ಣು ಹೋಗತ್ತೆ ಕಣೋ" ಅಂತ ಅಜ್ಜಿ ಬೈತಾರೆ. ಅಜ್ಜಿ ಹೇಳೋದು ಸರಿ. ರೆಟಿನಾಕ್ಕೆ ನೋವು ಗೊತ್ತಾಗಲ್ಲ, ಸುಟ್ಟಿದ್ದು ಆಮೇಲೆ ತಿಳಿಯತ್ತೆ. ಅದಕ್ಕೇ ದಿನಾ ಫಿಲ್ಮನ್ನ ಬಲ್ಬಿಗೆ ಹಿಡಿದು ತೂತು, ಗೀರು ಇದ್ಯಾ ನೋಡಿಯೇ ಮೆಟ್ಟಿಲು ಹತ್ತೋದು.

ಫೋಟೋ 3
ಒಂದೇ ಕಲೆ, ಬೇರೆ ಬೇರೆ ಮೂರು ದಿನ. ಜಾಗ ಬದಲಾಗಿರೋದು ನೋಡಿ. ಸೂರ್ಯ ತನ್ನ ಸುತ್ತ ತಾನು ತಿರುಗ್ತಾನೆ, ನಮಗೆ ಕಾಣೋ ಹಾಗೆ ಒಂದು ಸುತ್ತಿಗೆ ಸುಮಾರು 27 ದಿನ. ಒಂದು ಅಂಚಲ್ಲಿ ಕಂಡ ಕಲೆ ಉಳಿದ್ರೆ, ಎರಡು ವಾರದೊಳಗೆ ಇನ್ನೊಂದು ಅಂಚಲ್ಲಿ ಮರೆಯಾಗತ್ತೆ.

2024ರ ಮೇ ತಿಂಗಳಲ್ಲಿ ಭೂಮಿಗಿಂತ ಸುಮಾರು 15 ಪಟ್ಟು ಅಗಲದ ಕಲೆಗಳ ಗುಂಪು ಬಂದಿತ್ತು. ಅಲ್ಲಿಂದ ಸಿಡಿದ ಸೌರ ಬಿರುಗಾಳಿಗೆ ಲಡಾಖಿನ ಹಾನ್ಲೆಯಲ್ಲೂ ಆಕಾಶ ಕೆಂಪಾಯ್ತು.

ಫೋಟೋ 4
ಇದು ಬರೀ ಬೂದು ಬಣ್ಣ, ಮೋಡ. ತಪ್ಪಿ ಅಪ್‌ಲೋಡ್ ಆಗಿದ್ದಲ್ಲ.

"ಬಿಕಾಂ ಓದೋನಿಗೆ ಇದ್ರಿಂದ ಏನ್ ಲಾಭ?" ಅಂತ ಅಪ್ಪ ಕೇಳ್ತಾರೆ. ಇದನ್ನ ಕಲಿತಿದ್ದೇ ಅವರ ಅಂಗಡಿಯಲ್ಲಿ. ಅಪ್ಪ ದಿನಾ ರಾತ್ರಿ ಕಿರ್ದಿ ಬರೀತಾರೆ. ವ್ಯಾಪಾರ ಆಗದ ದಿನಾನೂ ತಾರೀಕು ಹಾಕಿ ಸೊನ್ನೆ ಬರೀತಾರೆ. ನನ್ನ ನೋಟ್‌ಬುಕ್ಕಲ್ಲೂ ಹಾಗೇ: ತಾರೀಕು, ಟೈಮು, ಕಲೆ ಎಷ್ಟು. ಮೋಡ ಇದ್ರೆ "ಮೋಡ". ಆಮೇಲೆ ಓದೋರಿಗೆ ಆ ದಿನ ಕಲೆ ಇರಲಿಲ್ವೋ, ನಾನೇ ನೋಡಲಿಲ್ವೋ ಅನ್ನೋದು ಗೊತ್ತಾಗಬೇಕಲ್ವಾ?

ಫೋಟೋ 5
ನೋಟ್‌ಬುಕ್ಕಿನ ಪುಟ. ಇಂಥದ್ದನ್ನೇ ಜರ್ಮನಿಯ ಹೈನ್ರಿಶ್ ಶ್ವಾಬೆ 1826ರಲ್ಲಿ ಶುರು ಮಾಡಿದ್ರು. ಅವರು ಪ್ರೊಫೆಸರ್ ಅಲ್ಲ, ಔಷಧಿ ಅಂಗಡಿಯೋರು. ಹುಡುಕ್ತಿದ್ದಿದ್ದು ಬುಧನಿಗಿಂತ ಸೂರ್ಯನಿಗೆ ಹತ್ತಿರ ಇರೋ ಗ್ರಹ. ಅದು ಸಿಗಲೇ ಇಲ್ಲ. ಆದ್ರೆ 17 ವರ್ಷದ ಲೆಕ್ಕ ನೋಡಿದಾಗ, ಕಲೆಗಳು ಸುಮಾರು 10 ವರ್ಷಕ್ಕೊಮ್ಮೆ ಏರಿ ಇಳಿಯೋದು ಕಂಡ್ತು. ಈಗ ಆ ಚಕ್ರ ಸರಾಸರಿ 11 ವರ್ಷ ಅಂತ ಗೊತ್ತು.

ಕೊಡೈಕೆನಾಲ್ ವೀಕ್ಷಣಾಲಯದಲ್ಲಿ 1904ರಿಂದ ಸೂರ್ಯನ ಫೋಟೋ ತೆಗೆದು ಇಟ್ಟಿದ್ದಾರೆ. ತೆಗೆದ ಕೈಗಳು ಎಷ್ಟೋ ಬದಲಾಗಿವೆ, ಲೆಕ್ಕ ಮುಂದುವರಿದಿದೆ.

ಫೋಟೋ 6
ಮನೆ ಟೆರೇಸು, ಬೆಳಗ್ಗೆ ಏಳೂವರೆ. ಕಾಂಕ್ರೀಟ್ ಕಾದ ಮೇಲೆ ಸೂರ್ಯನ ಅಂಚು ಕುದಿಯೋ ನೀರಿನ ಹಾಗೆ ಅಲ್ಲಾಡತ್ತೆ, ಅದಕ್ಕೇ ಬೇಗ.

ನನ್ನ ಪುಸ್ತಕಕ್ಕೆ ಈಗ ಹದಿನಾಲ್ಕು ತಿಂಗಳು. 11 ವರ್ಷದ ಚಕ್ರದ ಮುಂದೆ ಏನೂ ಅಲ್ಲ. ಜೂನಲ್ಲಿ ಆರ್ಟಿಕಲ್‌ಶಿಪ್‌ಗೆ ಬೆಂಗಳೂರಿಗೆ ಹೋಗ್ತೀನಿ. ನೋಡಿಟ್ಟಿರೋ ಪಿಜಿಯಲ್ಲಿ ಟೆರೇಸಿಗೆ ಬೀಗ, ಕಿಟಕಿ ಎದುರು ಪಕ್ಕದ ಬಿಲ್ಡಿಂಗಿನ ಗೋಡೆ. ಅಲ್ಲಿಂದ "ಮೋಡ" ಅಂತ ಬರೆದ್ರೂ ಸುಳ್ಳಾಗತ್ತೆ.

ಟೆಲಿಸ್ಕೋಪು, ರಟ್ಟಿನ ಮುಚ್ಚಳ, ಪುಸ್ತಕ ಮೂರನ್ನೂ ಇಲ್ಲೇ ಬಿಟ್ಟು ಹೋಗ್ತೀನಿ. ಜೂನಿಯರ್ಸ್, ಯಾವ ಕೋರ್ಸ್ ಆದ್ರೂ ಪರವಾಗಿಲ್ಲ. ದಿನಕ್ಕೆ ಹತ್ತು ನಿಮಿಷ ಸಾಕು, ಫಿಲ್ಟರ್ ಹಾಕೋದು ನಾನೇ ಕಲಿಸ್ತೀನಿ. ಯಾರಿಗೆ ಬೇಕೋ ಮೆಸೇಜ್ ಮಾಡಿ. ಇವತ್ತಿನ ಲೆಕ್ಕ: ನಾಲ್ಕು ಕಲೆ.