ಕಾಲಿಗೊಂದು ಲಾಳ

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಅದು ಗಂಡಸರ ಗಾದೆ. ಐವತ್ತು ದಾಟಿದ ಹೆಂಗಸು ಜಾರಿ ಬಿದ್ದರೆ ಕಾಪಾಡಿಕೊಳ್ಳಲು ಮೀಸೆಯೂ ಇರುವುದಿಲ್ಲ, ಒಳಗಿನ ಮೂಳೆಯೂ ಮೊದಲಿನಷ್ಟು ಗಟ್ಟಿ ಇರುವುದಿಲ್ಲ. ಆದರೂ ಬಿದ್ದವಳು ಮೊದಲು ನೋಡುವುದು ಪೆಟ್ಟಾಯಿತೇ ಎಂದಲ್ಲ, ಯಾರಾದರೂ ನೋಡಿಬಿಟ್ಟರೇ ಎಂದು. ಸೆರಗು ಸರಿಮಾಡಿಕೊಂಡು "ಏನೂ ಆಗಿಲ್ಲ, ಏನೂ ಆಗಿಲ್ಲ" ಎನ್ನುತ್ತಾ ಎದ್ದುಬಿಡುತ್ತಾಳೆ. 2025ರ ಜನವರಿಯಲ್ಲಿ ಅಮೆರಿಕದ ಮಿನೆಸೋಟ ರಾಜ್ಯದಲ್ಲಿ, ಮಗಳ ಮನೆಯ ಮುಂದೆ ನಾನೂ ಹಾಗೆಯೇ ಎದ್ದೆ.

ಮಗಳ ಬಾಣಂತನಕ್ಕೆಂದು ಗಳಿಕೆ ರಜೆ ಹಾಕಿ ಹೋಗಿದ್ದೆ. ಬಾಣಂತಿ ಖಾರ, ಅಂಟಿನುಂಡೆ, ಮಗುವಿಗೆ ಹಳೇ ಸೀರೆಯ ಬಟ್ಟೆ ಎಲ್ಲವನ್ನೂ ನೆನಪಿಟ್ಟು ತುಂಬಿಕೊಂಡಿದ್ದವಳು ನನ್ನ ಕಾಲಿಗೆ ಮಾತ್ರ ಹೊರಡುವ ಹಿಂದಿನ ದಿನ ಹುಣಸೂರಿನ ಪೇಟೆಯಲ್ಲಿ ಒಂದು ಜೊತೆ ಶೂ ಕೊಂಡಿದ್ದೆ. ನೋಡಿದ್ದು ಎರಡೇ: ಬಣ್ಣ ಮತ್ತು ಬೆಲೆ. ಅಲ್ಲಿ ಹಗಲು ಬಿಸಿಲಿಗೆ ಸ್ವಲ್ಪ ಕರಗಿದ ಹಿಮ ರಾತ್ರಿ ಮತ್ತೆ ಹೆಪ್ಪುಗಟ್ಟಿ ದಾರಿಗೆಲ್ಲ ಗಾಜು ಹಾಸಿದಂತಾಗಿತ್ತು. ಕಸದ ಚೀಲ ಇಟ್ಟು ಬರಲು ಹತ್ತು ಹೆಜ್ಜೆ ಹೋದೆ. ಹನ್ನೊಂದನೆಯ ಹೆಜ್ಜೆಗೆ ಆಕಾಶ ನೋಡುತ್ತಿದ್ದೆ.

ಮಗಳು ಮಗುವನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತು ಕೂಗಿದಳು. "ಅಮ್ಮಾ! ಅಜ್ಜಿ ಥರ ಆಗ್ಬಿಟ್ಟಿದ್ರೆ?"

ಸೊಂಟದ ನೋವು ಒಂದು ವಾರದಲ್ಲಿ ಹೋಯಿತು. ಆ ಮಾತು ಹೋಗಲಿಲ್ಲ. ಅಜ್ಜಿ ಹೇಗೆ ಬಿದ್ದಳು ಎಂಬುದು ಅವಳಿಗೆ ಪೂರ್ತಿ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ನನ್ನ ತವರು ಕೆ.ಆರ್. ನಗರ ತಾಲ್ಲೂಕಿನಲ್ಲಿ, ಚುಂಚನಕಟ್ಟೆಯ ಹತ್ತಿರ. ಕಾವೇರಿ ಅಲ್ಲಿ ಬಂಡೆಗಳ ಮೇಲಿಂದ ಧುಮುಕುತ್ತಾಳೆ. ತಾತ ನೀರು ಇಳಿದ ಮೇಲೆ ಗಾಳ ಹಿಡಿದು ಹೋಗುತ್ತಿದ್ದರು. ಜೊತೆಗೆ ಹೋದ ನಮಗೆ ಅವರ ಕಟ್ಟಪ್ಪಣೆ ಒಂದೇ: ಹಸಿರು ಕಂಡ ಬಂಡೆಗೆ ಕಾಲಿಡಬೇಡಿ, ಮರಳು ಕೂತ ಬಂಡೆಗೆ ಇಡಿ. ಅವ್ವ ತಲೆಯ ಮೇಲೆ ಬುತ್ತಿ, ಸೊಂಟದಲ್ಲಿ ಮಗು ಇಟ್ಟುಕೊಂಡು ಗದ್ದೆಯ ಬದುವಿನ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದಳು. ಅಗಲಿಸಿಕೊಂಡ ಅವಳ ಕಾಲ್ಬೆರಳುಗಳು ಹಸಿ ಮಣ್ಣನ್ನು ಕೈಯಂತೆ ಹಿಡಿಯುತ್ತಿದ್ದವು. ಅವ್ವ ಜಾರಿದ್ದನ್ನು ನಾನು ಚಿಕ್ಕಂದಿನಲ್ಲಿ ಕಂಡಿಲ್ಲ.

ಸಂಕ್ರಾಂತಿಯ ಸುಮಾರಿಗೆ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ. ಅಪ್ಪ ಹಳ್ಳಿಕಾರ್ ಜೋಡಿ ತಂದರೆ ಮೊದಲ ಕೆಲಸ ಲಾಳ ಕಟ್ಟಿಸುವುದು. ಎತ್ತನ್ನು ಹಗ್ಗ ಹಾಕಿ ಕೆಡವಿ, ಕಾಲು ಕಟ್ಟಿ, ಲಾಳ ಕಟ್ಟುವವನು ಗೊರಸು ಕೆರೆದು ಹದ ಮಾಡುತ್ತಿದ್ದ. ಎತ್ತಿನ ಗೊರಸು ಸೀಳಿರುವುದರಿಂದ ಒಂದು ಕಾಲಿಗೆ ಎರಡು ತುಂಡು, ನಾಲ್ಕು ಕಾಲಿಗೆ ಎಂಟು. ಟಾರು ರಸ್ತೆಯಲ್ಲಿ ಗೊರಸು ಸವೆಯಬಾರದು, ಗಾಡಿಯ ಭಾರಕ್ಕೆ ಕಾಲು ಜಾರಬಾರದು. ಅಪ್ಪ ಒಂದೊಂದು ಕಾಲನ್ನೂ ಎತ್ತಿ ಮೊಳೆ ಸರಿಯಾಗಿ ಕೂತಿದೆಯೇ ಎಂದು ನೋಡುತ್ತಿದ್ದರು. ಅವ್ವನ ಕಾಲನ್ನು ಹಾಗೆ ಯಾರೂ ನೋಡಿದ್ದು ನನಗೆ ನೆನಪಿಲ್ಲ. ಮದುವೆ ಮುಂಜಿಗೆಂದು ಒಂದು ಜೊತೆ ಚಪ್ಪಲಿ ಅಟ್ಟದಲ್ಲಿರುತ್ತಿತ್ತು, ಅಷ್ಟೆ.

ಅಪ್ಪನನ್ನು ಆಡಿಕೊಳ್ಳುವುದು ಸುಲಭ. ಬಿ.ಎ., ಬಿ.ಎಡ್. ಮಾಡಿದ ಮಗಳು ಏನು ಮಾಡಿದೆ? ಅಪ್ಪ ಹೋದ ಮೇಲೆ ಅವ್ವನನ್ನು ಹುಣಸೂರಿನ ನಮ್ಮ ಮನೆಗೆ ಕರೆತಂದೆ. ಹೊಳೆಯುವ ಟೈಲ್ಸ್ ಹಾಕಿಸಿದ ಮನೆ. ಮಣ್ಣು ಹಿಡಿಯುತ್ತಿದ್ದ ಬೆರಳುಗಳಿಗೆ ಅಲ್ಲಿ ಹಿಡಿಯಲು ಏನೂ ಇರಲಿಲ್ಲ. "ಕಾಲು ತಣ್ಣಗಾಗ್ತದೆ ಕಣವ್ವ" ಎಂದಾಗ, ನಾನು ಮೆಟ್ಟಿ ಬಿಟ್ಟಿದ್ದ ಹವಾಯಿ ಚಪ್ಪಲಿ ಕೊಟ್ಟೆ. ಹೊಸದು ತರುವಷ್ಟು ಸಂಬಳ ನನಗಿತ್ತು. ತೋಚಲಿಲ್ಲ. ಅವ್ವನೂ ಕೇಳಲಿಲ್ಲ. 2021ರ ಮಳೆಗಾಲದ ಒಂದು ಬೆಳಗ್ಗೆ ಬಚ್ಚಲಲ್ಲಿ ಬಿದ್ದಳು. ಸೊಂಟದ ಕೀಲಿನ ಹತ್ತಿರ ತೊಡೆಯ ಮೂಳೆ ಮುರಿದಿತ್ತು. ಮೈಸೂರಿನಲ್ಲಿ ಆಪರೇಷನ್ ಆಯಿತು, ಆದರೆ ಅವ್ವ ಮತ್ತೆ ತನ್ನ ಕಾಲ ಮೇಲೆ ನಿಲ್ಲಲಿಲ್ಲ. ಮುಂದಿನ ವರ್ಷ ಯುಗಾದಿಗೆ ಮೊದಲು ಹೋಗಿಬಿಟ್ಟಳು.

ಅವಳನ್ನು ಆಸ್ಪತ್ರೆಗೆ ಸೇರಿಸಿದ ರಾತ್ರಿ ಮನೆಗೆ ಬಂದು ಬಚ್ಚಲಿನ ದೀಪ ಹಾಕಿದೆ. ಚಪ್ಪಲಿ ಮೂಲೆಯಲ್ಲಿ ಮಗುಚಿ ಬಿದ್ದಿತ್ತು. ತಳ ಊಟದ ತಟ್ಟೆಯಷ್ಟು ನುಣುಪಾಗಿತ್ತು. ಯಾರೂ ನೋಡುವ ಮೊದಲು ಅದನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದೆ. ನೆಂಟರು ಕೇಳಿದಾಗಲೆಲ್ಲ "ವಯಸ್ಸಾಗಿತ್ತು, ತಲೆ ಸುತ್ತು ಬಂತು" ಎಂದೆ.

ಮಿನೆಸೋಟದಲ್ಲಿ ನಾನು ಬಿದ್ದ ಮಾರನೆಯ ದಿನ ಅಳಿಯಂದಿರು "ಅತ್ತೆ, ನಿಮ್ಮ ಶೂ ತೋರಿಸಿ" ಎಂದು ಅದನ್ನು ಕೈಗೆತ್ತಿಕೊಂಡು ಮಗುಚಿ ನೋಡಿದಾಗ ನನಗೆ ಆ ರಾತ್ರಿಯೇ ಕಣ್ಣಿಗೆ ಕಟ್ಟಿತು. ಅವರು ಏನೂ ಅನ್ನಲಿಲ್ಲ. ಸಂಜೆ ಅಂಗಡಿಗೆ ಕರೆದುಕೊಂಡು ಹೋದರು. ಅವರಿಗೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಕೂತು ಮೀನು ಹಿಡಿಯುವ ಹುಚ್ಚು ಹತ್ತಿತ್ತು. ಶನಿವಾರ ನಾನೂ ಬರಬೇಕೆಂಬುದು ಮಗಳ ಹಟ. ಮನೆಯೊಳಗೇ ಇದ್ದು ಅಮ್ಮ ಮಂಕಾಗಿದ್ದಾಳೆ ಎಂದು.

ಬೂಟಿನ ಮೇಲೆ ತೊಡಿಸುವ ರಬ್ಬರಿನ ಚೌಕಟ್ಟು, ಅದರ ತಳಕ್ಕೆ ಲೋಹದ ಹಲ್ಲು. ಅಲ್ಲಿಯವರು ಐಸ್ ಕ್ಲೀಟ್ಸ್ ಎನ್ನುತ್ತಾರೆ. ನೋಡಿದ ಕೂಡಲೇ "ಇದು ಲಾಳ ಅಲ್ಲವೇ!" ಎಂದುಬಿಟ್ಟೆ. ಗೋಡೆಯ ತುಂಬ ತೂಗುಹಾಕಿದ್ದರು. ನಾನು ಅಭ್ಯಾಸಬಲದಂತೆ ಅಗ್ಗದ ಒಂದಕ್ಕೆ ಕೈ ಹಾಕಿದೆ. ನನ್ನದೇ ವಯಸ್ಸಿನ ಅಂಗಡಿಯ ಹೆಂಗಸು ಬೆಲೆಯ ಮಾತೇ ಎತ್ತಲಿಲ್ಲ. "ನೀವು ಎಲ್ಲಿ ನಡೆಯುತ್ತೀರಿ?" ಎಂದು ಕೇಳಿದಳು.

ಇಷ್ಟು ವರ್ಷ ಚಪ್ಪಲಿ ಕೊಂಡಿದ್ದೇನೆ. ನಂಬರು ಕೇಳಿದವರಿದ್ದಾರೆ, ಬಣ್ಣ ಕೇಳಿದವರಿದ್ದಾರೆ. ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ನಾನೂ ಅವ್ವನನ್ನು ಕೇಳಿರಲಿಲ್ಲ.

ಕೆರೆಯ ಮೇಲೆ ಎಂದೆ. ಆಮೇಲೆ ಅವಳು ಒಂದೊಂದೇ ಇಳಿಸಿ ವಿವರಿಸಿದಳು. ನಾನು ಕೈಗೆತ್ತಿಕೊಂಡದ್ದರ ತಳದಲ್ಲಿ ಸ್ಪ್ರಿಂಗಿನಂಥ ಸುರುಳಿ. ಬೀದಿಯಲ್ಲಿ ತುಳಿದು ಗಟ್ಟಿಯಾದ ಹಿಮಕ್ಕೆ ಅದು ಸಾಕು, ಆದರೆ ನುಣುಪು ಮಂಜುಗಡ್ಡೆಗೆ ದುಂಡನೆಯ ತಂತಿ ಕಚ್ಚುವುದಿಲ್ಲ. ಇನ್ನೊಂದು, ಸರಪಳಿಗೆ ಪೋಣಿಸಿದ ಸುಮಾರು ಒಂದು ಸೆಂಟಿಮೀಟರಿನ ಉಕ್ಕಿನ ಮುಳ್ಳುಗಳದ್ದು. ಇಳಿಜಾರು, ಕಾಡುದಾರಿ ಹತ್ತುವವರಿಗೆ ಒಳ್ಳೆಯದು. ಮೂರನೆಯದು ಚಿಕ್ಕ ಗುಬುಟಿನಂಥ ಮೊಳೆಗಳದ್ದು. ಮೊಳೆಯ ತುದಿ ಟಂಗ್‌ಸ್ಟನ್ ಕಾರ್ಬೈಡ್. ಅದು ಉಕ್ಕಿಗಿಂತ ಗಟ್ಟಿ, ಬೇಗ ಮೊಂಡಾಗುವುದಿಲ್ಲ. ಸಮತಟ್ಟಾದ ಕೆರೆಯ ಮೇಲೆ ನಿಧಾನ ನಡೆಯುವ ನನ್ನಂಥವಳಿಗೆ ಇದೇ ಸರಿ ಎಂದಳು.

ಮುಂಗಾಲಿಗೆ ಮಾತ್ರ ಮೊಳೆ ಇದ್ದರೆ ಸಾಲದು. ನಡೆಯುವಾಗ ಮೊದಲು ನೆಲ ಮುಟ್ಟುವುದು ಹಿಮ್ಮಡಿ, ಅಲ್ಲೂ ಹಲ್ಲಿರಬೇಕು. ಅಳತೆ ಪಾದದ ನಂಬರಿನದಲ್ಲ, ಬೂಟಿನ ಹೊರಗಿನದು. ಎರಡು ಕಾಲುಚೀಲ ಹಾಕಿ ತೊಡುವ ದಪ್ಪ ಬೂಟನ್ನೇ ತಂದು ಹಾಕಿ ನೋಡಬೇಕು. ಸಡಿಲವಾದರೆ ಪಕ್ಕಕ್ಕೆ ಸರಿದು ಮೊಳೆ ಆಕಾಶ ನೋಡುತ್ತದೆ, ಬಿಗಿಯಾದರೆ ಬೂಟು ಒತ್ತಿ ಕಾಲು ತಣ್ಣಗಾಗುತ್ತದೆ. ಕಳಪೆ ರಬ್ಬರು ಚಳಿಗೆ ಸೆಟೆದು ಹರಿಯುತ್ತದೆ. ಇಷ್ಟೆಲ್ಲ ಕೇಳಿದ ಮೇಲೆ ಬೆಲೆ ನೋಡಿದೆ. 30 ಡಾಲರ್. ಮನಸ್ಸು ತಾನಾಗಿ ಗುಣಿಸಿ ಎರಡೂವರೆ ಸಾವಿರ ರೂಪಾಯಿ ಎಂದಿತು. "ನಾಲ್ಕು ದಿನಕ್ಕೆ ಇಷ್ಟೊಂದು ಯಾಕೆ?" ಎಂದು ಗೊಣಗಿದೆ. ಅಳಿಯಂದಿರು ಮೆಲ್ಲಗೆ, "ಮೂಳೆಗೆ ಎಷ್ಟು ಅತ್ತೆ?" ಎಂದರು. ಬಾಯಿ ಮುಚ್ಚಿಕೊಂಡೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗಬೇಗ ಸವೆಯುತ್ತದೆ ಎಂದು ಡಾಕ್ಟರು ನನಗೂ ಹೇಳಿದ್ದರು.

ಶನಿವಾರ ಮಿನೆಟೊಂಕಾ ಎಂಬ ಕೆರೆಗೆ ಹೋದೆವು. ಹತ್ತು ಸಾವಿರ ಕೆರೆಗಳ ನಾಡು ಎಂದು ಮಿನೆಸೋಟದವರು ಹೆಮ್ಮೆಪಡುತ್ತಾರೆ. ಆವತ್ತು ಸೊನ್ನೆಗಿಂತ 15 ಡಿಗ್ರಿ ಕೆಳಗಿತ್ತು. ಕಾರಿನಿಂದ ಇಳಿಯುವ ಮುನ್ನ ಬಾಗಿಲು ತೆರೆದು, ಸೀಟಿನ ಮೇಲೆ ಕೂತೇ ಲಾಳ ತೊಟ್ಟುಕೊಂಡೆ. ನಿಂತು ಒಂಟಿಕಾಲಲ್ಲಿ ತೊಡಲು ಹೋಗಿಯೇ ಬೀಳುವವರು ಬಹಳವಂತೆ. ಎದುರಿಗೆ ಕೆ.ಆರ್. ನಗರದ ಗದ್ದೆ ಬಯಲಿನಷ್ಟು ವಿಶಾಲವಾದ ಬಿಳುಪು. ಕೆಳಗಿರುವುದು ನೀರು ಎಂದು ನೆನೆದರೆ ಎದೆ ಧಸಕ್ ಎನ್ನುತ್ತಿತ್ತು. ನಡೆಯಲು ಕನಿಷ್ಠ 4 ಅಂಗುಲ ದಪ್ಪ ಬೇಕು, ಸಣ್ಣ ಕಾರಿಗೆ 9ರಿಂದ 10 ಅಂಗುಲ ಎಂದು ಅಲ್ಲಿನ ಸರ್ಕಾರದ ಇಲಾಖೆ ಹೇಳುತ್ತದೆ. ಅದೂ ತಿಳಿಯಾದ ಹೊಸ ಮಂಜುಗಡ್ಡೆಗೆ. ಬಿಳಿಯದಾದರೆ ದಪ್ಪ ಎರಡರಷ್ಟಿರಬೇಕು. ಹಿಂದಿನ ಚಳಿಗಾಲ, 2023-24ರಲ್ಲಿ, ಚಳಿಯೇ ಬೀಳದೆ ಎಷ್ಟೋ ಕೆರೆಗಳು ಸರಿಯಾಗಿ ಹೆಪ್ಪುಗಟ್ಟಲಿಲ್ಲವಂತೆ. ಲಾಳ ಜಾರುವುದನ್ನು ತಡೆಯುತ್ತದೆ, ಮುಳುಗುವುದನ್ನಲ್ಲ. ಅದಕ್ಕೇ ಅಳಿಯಂದಿರ ಕೊರಳಲ್ಲಿ ಎರಡು ಚೂಪು ಮೊಳೆಯ ಹಿಡಿಗಳು ತೂಗುತ್ತಿದ್ದವು. ನೀರಿಗೆ ಬಿದ್ದರೆ ಅಂಚನ್ನು ಚುಚ್ಚಿ ಮೇಲೆ ಬರಲು.

ಮೊದಲ ಹೆಜ್ಜೆ ಇಟ್ಟೆ. ಕರ್ ಎಂದು ಕಚ್ಚಿತು. ಎರಡನೆಯದೂ ಕಚ್ಚಿತು. ಪುಟ್ಟ ಪುಟ್ಟ ಹೆಜ್ಜೆ, ಭಾರ ಮುಂದಿನ ಕಾಲಿನ ಮೇಲೆ, ಬಾತುಕೋಳಿಯ ಹಾಗೆ ನಡೆಯಿರಿ ಎಂದರು ಅಳಿಯಂದಿರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಚ್.ಡಿ. ಕೋಟೆಯ ಕಡೆ, ಕಬಿನಿ ಹಿನ್ನೀರಿನ ಹತ್ತಿರದ ಶಾಲೆಗೆ ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಕೆಮ್ಮಣ್ಣಿನ ದಾರಿಯಲ್ಲಿ ಹೀಗೆಯೇ ನಡೆಯುತ್ತಿದ್ದೆ. ಕಾಲು ಮರೆತಿರಲಿಲ್ಲ.

ಅಳಿಯಂದಿರು ಬೈರಿಗೆಯಿಂದ ಎಂಟು ಅಂಗುಲದ ತೂತು ಕೊರೆದು, ಬೋಂಡ ಎತ್ತುವ ಜಾಲರಿಯಂಥದ್ದರಿಂದ ಮಂಜಿನ ಚೂರು ತೆಗೆದರು. ಸುತ್ತ ಚೆಲ್ಲಿದ ನೀರು ನೋಡನೋಡುತ್ತ ಗಾಜಾಯಿತು. ಕೆರೆಯ ಮೇಲೆ ಎಲ್ಲಕ್ಕಿಂತ ಜಾರುವ ಜಾಗ ಅದೇ. ಬೀಳುವವರು ಮೀನು ಸಿಕ್ಕ ಸಂಭ್ರಮದಲ್ಲಿ ಎದ್ದು ಅಲ್ಲೇ ಬೀಳುತ್ತಾರಂತೆ. ಹದಿನಾರು ತುಂಬಿದವರು ಗಾಳ ಹಾಕಲು ಲೈಸೆನ್ಸ್ ಬೇಕು. ನನ್ನ ಹತ್ತಿರ ಇರಲಿಲ್ಲವಾಗಿ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ವಿದ್ಯಾರ್ಥಿಯ ಹಾಗೆ ಕೂತು ನೋಡಿದೆ. ನಮ್ಮ ಜಿಲೇಬಿ ಮೀನನ್ನೇ ಹೋಲುವ ಅಂಗೈ ಅಗಲದ ನಾಲ್ಕು ಮೀನು ಸಿಕ್ಕವು. ಮನೆಗೆ ಬಂದು ಹುಣಸೆಹುಳಿ ಹಾಕಿ ಸಾರು ಮಾಡಿದೆ. ಬಾಣಂತಿಗೆ ಕೊಡಲಿಲ್ಲವೆಂದು ಮಗಳು ಮುನಿಸಿಕೊಂಡಳು.

ಇನ್ನೊಂದು ಮಾತು ಹೇಳಬೇಕು. ಕೆರೆಯಿಂದ ಬಂದ ಉಮೇದಿನಲ್ಲಿ ಲಾಳ ತೊಟ್ಟೇ ಮನೆಯೊಳಗೆ ಕಾಲಿಟ್ಟೆ. ಅಳಿಯಂದಿರು ಓಡಿಬಂದು ರೆಟ್ಟೆ ಹಿಡಿದರು. ಮಂಜುಗಡ್ಡೆಯನ್ನು ಕಚ್ಚುವ ಮೊಳೆ ಟೈಲ್ಸ್ ಮೇಲೆ ಕಚ್ಚುವುದಿಲ್ಲ, ಜಾರುತ್ತದೆ. ಅಲ್ಲಿ ಕಾಪಾಡಿದ್ದೇ ಇಲ್ಲಿ ಕೆಡವುತ್ತದೆ. ಆಗ ನನಗೆ ಅವ್ವನ ಕಾಲ್ಬೆರಳುಗಳು ನೆನಪಾದವು. ಬದುವಿನ ಮೇಲೆ ಅವಳನ್ನು ಒಮ್ಮೆಯೂ ಕೈಬಿಡದ ಬೆರಳುಗಳು ನನ್ನ ಮನೆಯ ಬಚ್ಚಲಲ್ಲಿ ಏನು ಮಾಡಬೇಕಿತ್ತು? ನೆಲ ಬದಲಿಸಿದವಳು ನಾನು. ಕಾಲಿಗೇನು ಬೇಕೆಂದು ಕೇಳಬೇಕಾದವಳೂ ನಾನೇ.

ಊರಿಗೆ ಬಂದ ಮೇಲೆ ಬಚ್ಚಲಿನ ನುಣುಪು ಕಲ್ಲು ತೆಗೆಸಿ ಒರಟು ಟೈಲ್ಸ್ ಹಾಕಿಸಿದೆ, ಗೋಡೆಗೆ ಹಿಡಿದುಕೊಳ್ಳುವ ಕಂಬಿ ಹಾಕಿಸಿದೆ. ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯಲ್ಲಿ ಮೈದುನನ ಜೊತೆ ಇರುವ ನನ್ನ ಅತ್ತೆ ಮಳೆಗಾಲಕ್ಕೆ ನಮ್ಮಲ್ಲಿಗೆ ಬರುವವರಿದ್ದರು. ಜೀವನವೆಲ್ಲ ಹೊಗೆಸೊಪ್ಪಿನ ಹೊಲದಲ್ಲಿ ಸವೆದ ಕಾಲು ಅವರದು. ಅವರಿಗೆಂದು ಪೇಟೆಗೆ ಹೋಗಿ ಚಪ್ಪಲಿಗಳನ್ನು ಒಂದೊಂದೇ ಮಗುಚಿ, ತಳದ ಗೀರು ಆಳವಾಗಿದೆಯೇ, ರಬ್ಬರು ಮೆದುವಾಗಿದೆಯೇ, ಹಿಂದೆ ಪಟ್ಟಿ ಇದೆಯೇ ಎಂದು ನೋಡತೊಡಗಿದೆ.

"ರೇಟು ಡಬ್ಬದ ಮೇಲಿದೆ ಮೇಡಂ" ಎಂದ ಅಂಗಡಿಯ ಹುಡುಗ.

"ರೇಟಲ್ಲಪ್ಪ, ತಳ ನೋಡ್ತಿದೀನಿ. ಬಚ್ಚಲಲ್ಲಿ ನಡೆಯೋರಿಗೆ" ಎಂದೆ.

ಅತ್ತೆ ಹೊಸ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು ಸವರಿದರು. "ನಂಗ್ಯಾಕವ್ವ ಹೊಸದು? ನಿಂದು ಹಳೇದು ಇದ್ರೆ ಸಾಕಿತ್ತಲ್ಲ" ಎಂದರು.

ನನಗೆ ತಡೆಯಲಾಗಲಿಲ್ಲ. ಅಡುಗೆಮನೆಗೆ ಹೋಗಿ ನಿಂತೆ. ಆ ರಾತ್ರಿ ಮಗಳಿಗೆ ಫೋನು ಮಾಡಿ, ಕಾಗದದಲ್ಲಿ ಸುತ್ತಿ ಎಸೆದ ಚಪ್ಪಲಿಯ ಕಥೆಯನ್ನು ಮೊದಲ ಬಾರಿ ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಮಗುವಿನ ಸದ್ದು ಮಾತ್ರ ಕೇಳಿಸಿತು.

ಆಮೇಲೆ ಮಗಳು ಕೇಳಿದಳು. "ಅಜ್ಜಿಗೆ ಕಂಬಿ ಎಟುಕತ್ತಾ ಅಮ್ಮ? ಕೂರಿಸಿ ನೋಡಿದ್ಯಾ?"

ನೋಡಿರಲಿಲ್ಲ. ಬೆಳಗ್ಗೆ ಎದ್ದು ನೋಡಿದೆ. ನನ್ನ ಎತ್ತರಕ್ಕೆ ಹಾಕಿಸಿದ್ದೆ. ಅತ್ತೆಗೆ ಒಂದು ಗೇಣು ಕೆಳಗೆ ಬೇಕಿತ್ತು. ಗಾರೆಯವನನ್ನು ಮತ್ತೆ ಕರೆಸಿದೆ.