ಗಾಡಿ ಸಪ್ಪಳಾನೂ, ಅತ್ತಿ ಕಿವೀನೂ

ಮನಿಯೊಳಗ ಸಪ್ಪಳದ ಮ್ಯಾಲೆ ರೋಗ ಕಂಡುಹಿಡಿಯೋದು ನಮಗ ರೂಢಿ ಆಗ್ಯದ. ಕುಕ್ಕರ್ ಬರೇ ಸುಂಯ್ ಅಂತ ಸೀಟಿ ಹೊಡೀಲಿಲ್ಲಂದ್ರ ರಬ್ಬರ್ ರಿಂಗ್ ನೋಡ್ತೀವಿ. ಮಿಕ್ಸರ್ ದನಿ ಬದಲಾತಂದ್ರ ಜಾರ್ ಬುಡ ನೋಡ್ತೀವಿ. ಆದ್ರ ಕಾರಿನ ಸಪ್ಪಳ ಅಂದಕೂಡ್ಲೆ "ಅದು ಗ್ಯಾರೇಜಿನವರ ಕೆಲಸ" ಅಂತ ಕೈಬಿಡ್ತೀವಿ. ಈ ವರ್ಷ ನಮಗ ಹಂಗ ಬಿಡ್ಲಿಕ್ಕೆ ಬರಲಿಲ್ಲ.

ನಮ್ಮ ಅತ್ತಿಯವರಿಗೆ ವಾರಕ್ಕ ಎರಡು ಸಲ ಡಯಾಲಿಸಿಸ್. ಧಾರವಾಡದಿಂದ ಹುಬ್ಬಳ್ಳಿಗೆ ಸುಮಾರು 20 ಕಿಲೋಮೀಟರ್, ವಾಪಸ್ಸೂ ಅಷ್ಟ. ಮುಗಿಸ್ಕೊಂಡು ಬರೋವಾಗ ಅವರ ಕೈಕಾಲಾಗ ಶಕ್ತೀನ ಇರೂದಿಲ್ಲ. ಹಿಂದಿನ ಸೀಟಿಗೆ ಒರಗಿ ಕಣ್ಣು ಮುಚ್ಚಿದ್ರ ಸಾಕು, ಕೆಳಗಿಂದ ಕಟ್ ಕಟ್ ಕಟ್! ಒಂದೊಂದು ಸಪ್ಪಳಕ್ಕೂ ಬೆಚ್ಚಿ ಕಣ್ಣು ತೆಗೀತಿದ್ರು. ಗ್ಯಾರೇಜಿನ ಹುಡುಗ ಒಂದು ರೌಂಡ್ ಓಡಿಸಿ, "ಅಕ್ಕಾರ, ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಹೋಗ್ಯಾವ್ರಿ, ₹9,000 ಆಗ್ತದ" ಅಂದ. ಔಷಧದ ಖರ್ಚಿನ ಮ್ಯಾಲೆ ಅಷ್ಟು ರೊಕ್ಕ ಅಂದ್ರ ಸಣ್ಣ ಮಾತಲ್ಲ.

ರೊಕ್ಕ ಕೊಡೂಕಿಂತ ಮೊದಲ ನಾವ ಒಮ್ಮೆ ನೋಡೋಣು ಅಂತ ನಮ್ಮನಿಯವರೂ ನಾನೂ ಕೂತ್ವಿ. ಮೊದಲ ಡಿಕ್ಕಿ ಖಾಲಿ ಮಾಡಿದ್ವಿ. ಜಾಕು, ಪಾನಾ, ಸ್ಟೆಪ್ನಿ ಸಡಲಿದ್ರೂ ಥೇಟ್ ಇಂಥದ್ದ ಸಪ್ಪಳ ಬರ್ತದ. ಹೋಗಲಿಲ್ಲ. ಆಮ್ಯಾಲೆ ಮುಂದಿನ ಎರಡೂ ಮೂಲಿ ಒಂದೊಂದಾಗಿ ಒತ್ತಿ ಬಿಟ್ವಿ. ಶಾಕ್ ಅಬ್ಸಾರ್ಬರ್ ಪೂರಾ ಹೋಗಿದ್ರ ಗಾಡಿ ಎರಡು ಮೂರು ಸಲ ತೂಗ್ತದ. ನಮ್ಮದು ಮ್ಯಾಲೆ ಬಂದು ಸುಮ್ನ ನಿಂತ್ತು. ಎಣ್ಣಿ ಸೋರಿದ್ದೂ ಕಾಣಲಿಲ್ಲ.

ಕಟ್ಟೀ ಮ್ಯಾಲೆ ಕೂತು ನೋಡ್ತಿದ್ದ ಅತ್ತಿಯವರು ಆವಾಗ ಅಂದ್ರು: "ದೊಡ್ಡ ಹಂಪ್ ಮ್ಯಾಲೆ ಅದು ಬರೂದಿಲ್ಲವಾ. ಸಾವಕಾಶ ಹೋಗೋವಾಗ ಸಣ್ಣ ಸಣ್ಣ ತಗ್ಗಿನಾಗ ಬರ್ತದ. ಎಡಗಡೆ, ಮುಂದ."

ಇಷ್ಟು ದಿನ ಕಣ್ಣು ಮುಚ್ಚಿಕೊಂಡು ಅವರು ಇದನ್ನ ಕೇಳ್ತಿದ್ರು ನೋಡ್ರಿ. ಗುಟ್ಟು ಅದರಾಗ ಇತ್ತು. ಮುಂದಿನ ಎರಡೂ ಗಾಲಿ ನಡುವ ಒಂದು ಉಕ್ಕಿನ ಸರಳು ಇರ್ತದ, ತಿರುವಿನಾಗ ಗಾಡಿ ಭಾಳ ವಾಲಬಾರ್ದಂತ. ಅದರ ಎರಡೂ ತುದಿಗೆ ಲಿಂಕ್ ರಾಡ್ ಅಂತ ಗೇಣುದ್ದದ ಕಡ್ಡಿ. ಹಂಪ್ ಮ್ಯಾಲೆ ಎರಡೂ ಗಾಲಿ ಕೂಡೇ ಏರ್ತಾವ, ಸರಳು ತಿರುಚೂದಿಲ್ಲ, ಲಿಂಕ್ ರಾಡಿಗೆ ಕೆಲಸ ಇಲ್ಲ. ಒಂದ ಗಾಲಿ ತಗ್ಗಿಗೆ ಬಿದ್ರ ಸರಳು ತಿರುಚ್ತದ, ಲಿಂಕ್ ರಾಡಿನ ತುದಿಯ ಗುಂಡು ಸವದಿದ್ರ ಕಟ್ ಅಂತದ.

ಗಾಡಿ ಸಪಾಟ ನೆಲದ ಮ್ಯಾಲೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಸ್ಟೇರಿಂಗ್ ಪೂರಾ ತಿರುವಿ, ಕೀಲಿ ತೆಗದು, ಇವರು ಗಾಲಿ ಹಿಂದ ಕೈ ಹಾಕಿ ಆ ಕಡ್ಡಿ ಅಲುಗಾಡಿಸಿದ್ರು. ಬಲಗಡೇದು ಬಿಗಿ. ಎಡಗಡೇದು ಕೈಯಾಗ ಕಟಕಟ ಅಂತು. ಅದ ಗ್ಯಾರೇಜಿಗೆ ಹೋಗಿ ತೋರ್ಸಿದ್ವಿ. ಹುಡುಗನೂ ಅಲುಗಾಡಿಸಿ ನೋಡಿ ನಕ್ಕ. ಎರಡೂ ಕೂಡೇ ಹಾಕಿಸಿದ್ವಿ, ಕೂಲಿ ಸೇರಿ ₹1,600. ಜಂಗು ಹಿಡಿದ ನಟ್ಟು ಬಿಚ್ಚೂದ ತ್ರಾಸು, ಉಳಿದದ್ದು ಅರ್ಧ ತಾಸಿನ ಕೆಲಸ.

ಎಲ್ಲಾ ಸಪ್ಪಳಾನೂ ಇದ ಅಲ್ಲ ಮತ್ತ. ನಿಂತಲ್ಲೆ ಸ್ಟೇರಿಂಗ್ ತಿರುವಿದ್ರ ಬಾನೆಟ್ ಹತ್ರ ಟಂಯ್ ಅಂತ ಸ್ಪ್ರಿಂಗ್ ಜಿಗದಂಗ ಆದ್ರ, ಶಾಕ್ ಅಬ್ಸಾರ್ಬರ್ ತಲೀ ಮ್ಯಾಲಿನ ಮೌಂಟು ನೋಡಿಸ್ರಿ. ಪೂರಾ ತಿರುವಿ ಓಡಿಸೋವಾಗ ಟಕ ಟಕ ಟಕ ಅಂದ್ರ ಎಕ್ಸಲ್ ಜಾಯಿಂಟು. ಅದರ ರಬ್ಬರ್ ಟೊಪಗಿ ಹರದು ಗ್ರೀಸ್ ಹೋಗಿರ್ತದ. ಬ್ರೇಕ್ ಹಾಕಿದಾಗ ಧಡ್ ಅಂದ್ರ ಲೋವರ್ ಆರ್ಮಿನ ಬುಷ್. ಹೊಸಾ ಬುಷ್ ಹಾಕಿದ್ರ, ಗಾಡಿ ಭಾರ ಗಾಲಿ ಮ್ಯಾಲೆ ಬಿದ್ದಾಗನ ಬೋಲ್ಟ್ ಪೂರಾ ಬಿಗೀಲಿಕ್ಕೆ ಹೇಳ್ರಿ; ಗಾಲಿ ಜೋತಾಡೋವಾಗ ಬಿಗದ್ರ ರಬ್ಬರ್ ತಿರುಚಿಕೊಂಡು ಲಗೂನ ಹರೀತದ. ಕಿರ್ ಕಿರ್ ಅಂತದಂತ ರಬ್ಬರಿಗೆ ಹಳೇ ಇಂಜಿನ್ ಆಯಿಲ್ ಹಾಕಬ್ಯಾಡ್ರಿ, ಉಬ್ಬಿ ಹಾಳಾಗ್ತದ.

ಎರಡು ಮಾತು ಮಾತ್ರ ಮರೀಬ್ಯಾಡ್ರಿ. ಬರೇ ಜಾಕಿನ ಮ್ಯಾಲೆ ನಿಂತ ಗಾಡಿ ಕೆಳಗ ತಲಿ ಹಾಕಬಾರ್ದು. ಬಾಲ್ ಜಾಯಿಂಟ್ ಸಡಲಾಗ್ಯದಂತ ಮೆಕ್ಯಾನಿಕ್ ಹೇಳಿದ್ರ ಗಾಡಿ ಅಲ್ಲೇ ಬಿಟ್ಟು ಬರ್ರಿ. ಅದು ಕಳಚಿದ್ರ ಗಾಲೀನ ಮಲಗ್ತದ.

ಈಗ ಉಣಕಲ್ ಕೆರಿ ದಾಟೂದ್ರಾಗ ಅತ್ತಿಯವರಿಗೆ ನಿದ್ದಿ ಹತ್ತಿರ್ತದ. ಮನಿ ಮುಂದ ಗಾಡಿ ನಿಂತ ಮ್ಯಾಲೂ ಐದು ನಿಮಿಷ ಎಬ್ಬಸೂದಿಲ್ಲ ನಾವು.